ಆಸ್ಕರ್ ನಾಮಿನೇಶನ್: ಮಿರ್ಚಿ ಪಂದ್ಯ ಎರಡನೇ ಸಲ ಸೋತೆ, ಇದರ ಲೆಕ್ಕ ಏನು ಅಂತ ಯಾರಾದ್ರೂ ಹೇಳಿ

ಸೋನಾಮಸೂರಿ (ಗಂಗಾವತಿ):

2023ರ ಜನವರಿಯಲ್ಲಿ ನನ್ನ ಅಳಿಯ 'ಕಾಂತಾರ ಆಸ್ಕರ್‌ಗೆ ನಾಮಿನೇಟ್' ಅಂತ ಸ್ಟೇಟಸ್ ಹಾಕಿದ್ದ. ಟಿವಿಯಲ್ಲೂ ಹಂಗೇ ಅಂದ್ರು. ನಾನು ನಂಬಿ ನಮ್ಮ ರೈಸ್‌ಮಿಲ್ಲಿನ ಎಂಟು ಜನಕ್ಕೆ ಒಗ್ಗರಣೆ-ಮಿರ್ಚಿ ಪಂದ್ಯ ಕಟ್ಟಿದೆ. ಆಮೇಲೆ ನೋಡಿದ್ರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಈ ಸಲ ಸ್ಟೇಟಸ್ ನಂಬಬಾರದು, ನಾನೇ ಓದಿ ತಿಳ್ಕೊಂಡು ಕಟ್ಟೋಣ ಅಂತ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಮೇಲೆ ಕಟ್ಟಿದೆ. ಕಾನ್ ಚಿತ್ರೋತ್ಸವದಲ್ಲಿ ಎರಡನೇ ದೊಡ್ಡ ಬಹುಮಾನ ಗ್ರ್ಯಾಂಡ್ ಪ್ರಿ ಗೆದ್ದಿದೆ, ಅಮೆರಿಕದ ಗೋಲ್ಡನ್ ಗ್ಲೋಬ್ ಪ್ರಶಸ್ತಿಯಲ್ಲಿ ಅದರ ನಿರ್ದೇಶಕಿ ಪಾಯಲ್ ಕಪಾಡಿಯಾಗೆ ನಿರ್ದೇಶನಕ್ಕೇ ನಾಮಿನೇಶನ್ ಸಿಕ್ಕಿತ್ತು, ಇನ್ನೇನು ಬೇಕು?

ಮೊನ್ನೆ 2025ರ ಜನವರಿ 23ಕ್ಕೆ ಸಂಜೆ ಏಳಕ್ಕೆ ಆಸ್ಕರ್ ನಾಮಿನೇಶನ್ ಪಟ್ಟಿ ಬರೋದಿತ್ತು, ಮಿಲ್ಲಿನಲ್ಲೇ ಫೋನ್ ಹಿಡಿದು ಕೂತೆ. ಬೆರಳಿಗೆ ತೌಡಿನ ಧೂಳು ಮೆತ್ತಿ ಸ್ಕ್ರೀನ್ ಸರಿಯುತ್ತಿರಲಿಲ್ಲ. ಅಂಗಿಗೆ ಒರೆಸಿಕೊಂಡು ನಾಲ್ಕು ಸಲ ಮೇಲೆ ಕೆಳಗೆ ಹುಡುಕಿದೆ. ಒಂದು ವಿಭಾಗದಲ್ಲೂ ಇಲ್ಲ. ಹಮಾಲರೆಲ್ಲ ಸುತ್ತ ನಿಂತು ನಗ್ತಾ ಇದ್ರು.

ಇದನ್ನ ಕಡೆಗಣಿಸಿದ್ದು ಯಾರು? ನಮ್ಮವರಾ, ಅಮೆರಿಕದವರಾ?

ಎರಡನೇ ಆಟ (ಬಳ್ಳಾರಿ):

ಅಣ್ಣಾ, ನಿಮ್ಮ ಎರಡು ಸೋಲೂ ಬೇರೆ ಬೇರೆ ಜಾತಿಯವು.

2023ರಲ್ಲಿ ಬಂದಿದ್ದು ಅರ್ಹ ಸಿನಿಮಾಗಳ ಪಟ್ಟಿ. 301 ಹೆಸರಿತ್ತು. ಅಮೆರಿಕದಲ್ಲಿ ಇಷ್ಟು ದಿನ ಥಿಯೇಟರ್‌ನಲ್ಲಿ ಓಡಿರಬೇಕು, ಅರ್ಜಿ ಹಾಕಿರಬೇಕು, ಅಷ್ಟೇ. 'ವಿಕ್ರಾಂತ್ ರೋಣ' ಕೂಡ ಅದೇ ಪಟ್ಟಿಯಲ್ಲಿತ್ತು, ಅದರ ಮೇಲೆ ಯಾರೂ ಮಿರ್ಚಿ ಕಟ್ಟಿರಲಿಲ್ಲ ಅಂತ ಕಾಣುತ್ತೆ. ಹಾಲ್ ಟಿಕೆಟ್ ಬಂದಿದ್ದಕ್ಕೇ ರ‍್ಯಾಂಕ್ ಬಂತು ಅಂತ ಪೇಢೆ ಹಂಚಿದ ಹಾಗೆ ಆಯ್ತು. ಟಿವಿಯವರು ಬೇಕಂತಲೇ ಹಂಗೆ ಓದಿದ್ರಾ, ಗೊತ್ತಿಲ್ದೇ ಓದಿದ್ರಾ, ಅದು ಬಿಡಿ.

ಈ ಸಲದ್ದು ನಿಜವಾಗ್ಲೂ ಹೊಟ್ಟೆ ಉರಿಸುವಂಥದ್ದು. ಅಂತರರಾಷ್ಟ್ರೀಯ ಸಿನಿಮಾ ವಿಭಾಗಕ್ಕೆ (ಮೊದಲು ವಿದೇಶಿ ಭಾಷೆ ಸಿನಿಮಾ ಅಂತಿದ್ರು) ಒಂದು ದೇಶದಿಂದ ಒಂದೇ ಸಿನಿಮಾ. ನಮ್ಮಲ್ಲಿ ಅದನ್ನ ಆರಿಸೋದು ಫಿಲ್ಮ್ ಫೆಡರೇಶನ್ ಆಫ್ ಇಂಡಿಯಾ. ಅವರು 'ಲಾಪತಾ ಲೇಡೀಸ್' ಕಳಿಸಿದ್ರು. ಅದು ಡಿಸೆಂಬರ್‌ನಲ್ಲೇ, ನಾಮಿನೇಶನ್‌ಗೆ ಮುಂಚೆ ಸೋಸಿ ತೆಗೆಯೋ ಹದಿನೈದರ ಪಟ್ಟಿಗೂ ಬರದೆ ಹೊರಗೆ ಬಿತ್ತು. ತಮಾಷೆ ನೋಡಿ, ಆ ಹದಿನೈದರಲ್ಲಿ 'ಸಂತೋಷ್' ಅಂತ ಒಂದು ಹಿಂದಿ ಸಿನಿಮಾ ಇತ್ತು. ಅದನ್ನ ಕಳಿಸಿದ್ದು ಬ್ರಿಟನ್! ಕೊನೆಯ ಐದಕ್ಕೆ ಅದೂ ಬರಲಿಲ್ಲ.

ಹಾಗಾಗಿ ನಿಮ್ಮ ಸಿನಿಮಾಕ್ಕೆ ಆ ಬಾಗಿಲು ಸೆಪ್ಟೆಂಬರ್‌ನಲ್ಲೇ ಮುಚ್ಚಿತ್ತು. ನಿರ್ದೇಶನ, ಚಿತ್ರಕಥೆ ಥರದ ಬಾಗಿಲು ತೆರೆದೇ ಇತ್ತು, ಯಾಕಂದ್ರೆ ಅಮೆರಿಕದಲ್ಲಿ ಬಿಡುಗಡೆ ಆಗಿತ್ತಲ್ವಾ. ಅಲ್ಲಿ ಓಟು ಸಾಲಲಿಲ್ಲ. ಮೊದಲನೇ ಬಾಗಿಲು ಹಾಕಿದ್ದು ನಮ್ಮವರು, ಎರಡನೇದು ಅವರು.

ಬಿಸಿಲೂರು (ರಾಯಚೂರು):

ಫೆಡರೇಶನ್ ವಿಷಯ ಬಂತು ಅಂತ ಹೇಳ್ತೀನಿ. 2022ರಲ್ಲಿ 'ಆರ್‌ಆರ್‌ಆರ್' ಬಿಟ್ಟು ಗುಜರಾತಿ 'ಛೆಲ್ಲೋ ಶೋ' ಕಳಿಸಿದ್ರಲ್ಲ, ಆಗ ನಮ್ಮ ಕಡೆ ಜಾಸ್ತಿನೇ ಉರಿದಿತ್ತು. ಅದರ ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ಜಿಲ್ಲೆಯ ಅಮರೇಶ್ವರ ಕ್ಯಾಂಪ್‌ನಲ್ಲಿ. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರ ಕ್ಯಾಂಪ್‌ಗಳು ಇಲ್ಲಿ ಎಷ್ಟಿವೆ ಅಂತ ಗಂಗಾವತಿಯವರಿಗೆ ನಾನೇನು ಹೇಳೋದು. ನಮ್ಮೂರ ಹುಡುಗ ಅನ್ನೋ ಅಭಿಮಾನ.

ಆದ್ರೆ 'ಆರ್‌ಆರ್‌ಆರ್'ನವರು ಅಳ್ತಾ ಕೂರಲಿಲ್ಲ. ತಾವೇ ಬೇರೆ ಬೇರೆ ವಿಭಾಗಕ್ಕೆ ಅರ್ಜಿ ಹಾಕಿ, ಅಮೆರಿಕದಲ್ಲಿ ತಿಂಗಳುಗಟ್ಟಲೆ ಓಡಾಡಿ, ಪ್ರದರ್ಶನ ಇಟ್ಟು, ಕೊನೆಗೆ ಒಂದೇ ಒಂದು ನಾಮಿನೇಶನ್ ತಗೊಂಡ್ರು. ಅದರಲ್ಲೇ 'ನಾಟು ನಾಟು' ಗೆದ್ದಿತು. 'ಛೆಲ್ಲೋ ಶೋ'ನೂ ಕಳಪೆ ಅಲ್ಲ, ಹದಿನೈದರವರೆಗೆ ಹೋಗಿತ್ತು. ಆ ಸಿನಿಮಾ ನೋಡದೇ ಬೈದವರಲ್ಲಿ ನಾನೂ ಒಬ್ಬ. ಆಮೇಲೆ ನೋಡಿದೆ, ಚೆನ್ನಾಗಿದೆ.

ಅಂದ್ರೆ ದುಡ್ಡಿರಬೇಕು ಅಣ್ಣಾ. ಓಟು ಹಾಕೋರು ಮೊದಲು ಸಿನಿಮಾ ನೋಡಬೇಕಲ್ಲ, ಅದಕ್ಕೇ ಖರ್ಚು.

ಕಿನ್ನಾಳ ಗೊಂಬೆ (ಕೊಪ್ಪಳ):

ಅಣ್ಣಾರೇ, ನಮ್ಮವರಿಗೆ ಮಾತ್ರ ಹೀಗಾಗಿದ್ದು ಅಂದ್ಕೋಬೇಡಿ. 'ಡ್ಯೂನ್: ಪಾರ್ಟ್ ಟೂ' ಅತ್ಯುತ್ತಮ ಚಿತ್ರದ ಹತ್ತರಲ್ಲಿದೆ, ನಿರ್ದೇಶಕ ಡೆನಿ ವಿಲ್ನೋವ್ ಹೆಸರಿಲ್ಲ. ಮೊದಲನೇ 'ಡ್ಯೂನ್' ಆರು ಆಸ್ಕರ್ ಗೆದ್ದಾಗಲೂ ನಿರ್ದೇಶನಕ್ಕೆ ನಾಮಿನೇಶನ್ ಸಿಕ್ಕಿರಲಿಲ್ಲ. ಅವರೂ ನಿಮ್ಮ ಹಾಗೆ ಎರಡನೇ ಸಲ!

ಕಾರಣ ಸುಲಭ. ನಾಮಿನೇಶನ್ ಹಂತದಲ್ಲಿ ನಿರ್ದೇಶಕರನ್ನ ನಿರ್ದೇಶಕರೇ ಆರಿಸ್ತಾರೆ, ನಟರನ್ನ ನಟರು. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ. ಅಲ್ಲಿ ಹತ್ತು ಜಾಗ, ಇಲ್ಲಿ ಐದೇ. ಐದು ಜನ ಯಾವಾಗಲೂ ಕೆಳಗೆ ಇಳಿಯಲೇಬೇಕು.

ನನಗೆ ಖುಷಿ ಕೊಟ್ಟಿದ್ದು ಬ್ರೆಜಿಲ್‌ನ 'ಐಯಾಮ್ ಸ್ಟಿಲ್ ಹಿಯರ್'. ಪೋರ್ಚುಗೀಸ್ ಸಿನಿಮಾ ಅತ್ಯುತ್ತಮ ಚಿತ್ರದ ಹತ್ತರಲ್ಲಿ! ಹಾಲಿವುಡ್ ನಟಿ ಡೆಮಿ ಮೂರ್‌ಗೆ ಇಷ್ಟು ವರ್ಷ ಆದ ಮೇಲೆ ಮೊದಲನೇ ನಾಮಿನೇಶನ್ ಅಂತ ಓದಿ ನಂಬೋಕೇ ಆಗಲಿಲ್ಲ. 'ಚಾಲೆಂಜರ್ಸ್' ಸಂಗೀತ ಗೋಲ್ಡನ್ ಗ್ಲೋಬ್ ಗೆದ್ದೂ ಇಲ್ಲಿ ಸೊನ್ನೆ.

ಒಂದು ಬೇಜಾರು. ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ, ಮುದುಕಿ ಊರಿನ ಹುಂಜ ಕದ್ದುಕೊಂಡು ಹೋದ್ರೆ ಬೆಳಕೇ ಹರಿಯದ ಕಥೆ, 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ತಗೊಂಡಿತ್ತು. ಈ ಸಲದ ಕಿರುಚಿತ್ರಗಳ ಹದಿನೈದರಲ್ಲಿ ಅದಿಲ್ಲ. ಅಂಥ ಕಥೆಯನ್ನ ನಮ್ಮಜ್ಜಿ ರೊಟ್ಟಿ ಬಡೀತಾ ಹೇಳ್ತಿದ್ಲು. ಕೈ ನಿಲ್ಲಿಸ್ತಾನೇ ಇರಲಿಲ್ಲ, ಹುಂಜ ಕೂಗೋ ಜಾಗ ಬಂದಾಗ ಮಾತ್ರ ನಿಲ್ಲಿಸ್ತಿದ್ಲು.

ಮೂರು ಗಂಟೆ ಕರೆಂಟ್ (ಸಿಂಧನೂರು):

ಅಮೆರಿಕದವರ ಸರ್ಟಿಫಿಕೇಟ್ ಕಟ್ಟಿಕೊಂಡು ಏನು ಮಾಡೋದು? ಇದೇ ವಾರ ನಮ್ಮ ರಾಜ್ಯ ಪ್ರಶಸ್ತಿ ಬಂತು, ಅದರ ಬಗ್ಗೆ ಒಬ್ರೂ ಮಾತಾಡ್ತಿಲ್ಲ. 2019ರ ಸಿನಿಮಾಗಳಿಗೆ 2025ರಲ್ಲಿ! ಸುದೀಪ್‌ಗೆ 'ಪೈಲ್ವಾನ್'ಗೆ ಅತ್ಯುತ್ತಮ ನಟ ಕೊಟ್ರು, ಅವರು ನನಗೆ ಬೇಡ, ಅರ್ಹರಾದ ಬೇರೆಯವರಿಗೆ ಕೊಡಿ ಅಂದ್ರು. ಆ ಸಿನಿಮಾ ನೋಡಿದಾಗ ನನ್ನ ಮಗಳು ಎರಡನೇ ಕ್ಲಾಸು, ಈಗ ಏಳನೇದು ಮುಗಿಸ್ತಾ ಇದ್ದಾಳೆ. ಇಲ್ಲಿ ನಾಮಿನೇಶನ್ ಪಟ್ಟಿನೂ ಇಲ್ಲ, ಯಾರು ಯಾರು ಕೊನೇವರೆಗೆ ಇದ್ರು ಅಂತ ಹೊರಗೆ ಗೊತ್ತಾಗಲ್ಲ. ಕಡೆಗಣಿಸಿದ್ರು ಅಂತ ಬೈಯೋಕಾದ್ರೂ ಒಂದು ಪಟ್ಟಿ ಬೇಡ್ವಾ?

ಎರಡನೇ ಆಟ (ಬಳ್ಳಾರಿ):

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಗುರು.

ಸೋನಾಮಸೂರಿ (ಗಂಗಾವತಿ):

ಎಲ್ರಿಗೂ ಥ್ಯಾಂಕ್ಸ್. ಇದನ್ನೆಲ್ಲ ಹಮಾಲರಿಗೆ ಓದಿ ಹೇಳಿದೆ. ಎರಡು ಬಾಗಿಲಿನ ಕಥೆ ಪೂರ್ತಿ ಕೇಳಿದ್ರು. ಆಮೇಲೆ ಒಬ್ಬ, 'ಸಾವ್ಕಾರ್ರೇ, ಬಾಗಿಲು ಯಾರಾದ್ರೂ ಹಾಕ್ಲಿ, ಮಿರ್ಚಿ ಯಾವಾಗ?' ಅಂದ. ಕೊಪ್ಪಳದ ಗವಿಮಠದ ಜಾತ್ರೆಗೆ ಕರ್ಕೊಂಡು ಹೋಗಿ ದಾಸೋಹದಲ್ಲಿ ಮಿರ್ಚಿ ತಿನ್ನಿಸಿದ್ರೆ ಪಂದ್ಯ ತೀರುತ್ತಾ ಅಂತ ಕೇಳಿ ನೋಡಿದೆ.

ಕಿನ್ನಾಳ ಗೊಂಬೆ (ಕೊಪ್ಪಳ):

ಮಿರ್ಚಿ ದಾಸೋಹ ಆಗಲೇ ಮುಗೀತು ಅಣ್ಣಾರೇ. ಜೇಬಿಗೆ ಕೈ ಹಾಕಿ.