ಕಾರ್ ಆಕ್ಸಿಡೆಂಟ್ ಕ್ಲೇಮ್ ಮುಗಿಯಾಕ ಎಷ್ಟು ದಿನ ಹಿಡಿತೈತಿ?

ಗದಗ ಗಾಡಿ:
ಅಣ್ಣಿಗೇರಿ ಹತ್ರ ಟ್ರ್ಯಾಕ್ಟರ್ ಟ್ರೈಲರ್‌ಗೆ ಹಿಂದಿನಿಂದ ಬಡಿದು ಬಂಪರ್, ಬಾನೆಟ್, ಎಡಗಡೆ ಹೆಡ್‌ಲೈಟ್, ರೇಡಿಯೇಟರ್ ಹೋಗ್ಯಾವ. ಗಾಡಿಗೆ ನಾಲ್ಕೂವರೆ ವರ್ಷ. ಫುಲ್ ಇನ್ಶೂರೆನ್ಸ್ ಐತಿ, ಜೀರೋ ಡೆಪ್ (ಪಾರ್ಟ್ಸ್ ಸವಕಳಿ ಅಂತ ರೊಕ್ಕ ಕಡೀದಂಗ ತಗೊಳ್ಳೂ ಹೆಚ್ಚಿನ ಕವರ್) ಇಲ್ಲ. ಹುಬ್ಬಳ್ಳಿ ವರ್ಕ್‌ಶಾಪ್‌ನ್ಯಾಗ ನಿಂತೈತಿ. ಸರ್ವೇಯರ್ (ಡ್ಯಾಮೇಜ್ ಅಳಿಯಾಕ ಇನ್ಶೂರೆನ್ಸ್ ಕಂಪನಿ ಕಳಿಸೂ ಮಂದಿ) ಬಂದು ಹೋದ್ರೂ ‘ಅಪ್ರೂವಲ್ ಬಂದಿಲ್ಲ’ ಅಂತಾರ. ಟ್ರೈಲರ್‌ನ್ಯಾಗ ಕೂತಾಂವನ ಕೈ ಮುರಿದೈತಿ. ಆ ಕ್ಲೇಮೂ ಇದರ ಜೊತಿಗೇ ಮುಗಿತೈತೇನ್ರಿ?

ಗೋಕುಲ ರೋಡ್:
ಮೊದಲನೇ ಸರ್ವೇದಾಗ ಹೊರಗ ಕಾಣೂದಷ್ಟ ಬರಕೊಳ್ತಾರ್ರಿ. ಬಂಪರ್ ಬಿಚ್ಚಿದ ಮ್ಯಾಲೆ ಎಸಿ ಕಂಡೆನ್ಸರ್ ಜಜ್ಜಿದ್ದು, ರೇಡಿಯೇಟರ್ ಸಪೋರ್ಟ್ ಪ್ಯಾನೆಲ್ ಬಾಗಿದ್ದು, ಚಾಸಿ ತುದಿ ಒಳಗ ಸರಿದಿದ್ದು ಕಾಣತಾವ. ಅದಕ್ಕ ಸಪ್ಲಿಮೆಂಟರಿ ಎಸ್ಟಿಮೇಟ್ (ಆಮ್ಯಾಲೆ ಸಿಕ್ಕ ಡ್ಯಾಮೇಜಿನ ಹೆಚ್ಚುವರಿ ಖರ್ಚಿನ ಪಟ್ಟಿ) ವರ್ಕ್‌ಶಾಪ್‌ನಿಂದ ಕಂಪನಿಗೆ ಹೋಗಬೇಕು, ಸರ್ವೇಯರ್ ಮತ್ತೊಮ್ಮೆ ನೋಡಬೇಕು. ದಿನ ತಿನ್ನೂದು ಇಲ್ಲೇ. ಎಸ್ಟಿಮೇಟ್ ಕಳಿಸದ ‘ಕಂಪನಿಯಿಂದ ಬಂದಿಲ್ಲ’ ಅನ್ನೂ ವರ್ಕ್‌ಶಾಪ್ ಭಾಳ ಅದಾವ. ಯಾವ ತಾರೀಖಿಗೆ ಮೇಲ್ ಮಾಡೀರಿ, ಪ್ರತಿ ಕೊಡ್ರಿ ಅಂತ ಕೇಳ್ರಿ.

ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮ್ಯಾಲಿನ ಸರ್ಕಾರಿ ನಿಯಂತ್ರಕ) 2024ರ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ತಾಸಿನ್ಯಾಗ ಸರ್ವೇಯರ್, 15 ದಿನದಾಗ ಅವರ ವರದಿ, ವರದಿ ಬಂದ 7 ದಿನದಾಗ ಕಂಪನಿ ನಿರ್ಧಾರ. ಹೆಡ್‌ಲೈಟ್ ಸ್ಟಾಕ್ ಇಲ್ಲಂತ ಕಾಯೂ ದಿನ ಈ ಲೆಕ್ಕಕ್ಕ ಬರಂಗಿಲ್ಲ.

ಹಳೇ ಪಾರ್ಟ್ಸ್ ಗುಜರಿಗೆ ಹೋಗದಂಗ ನೋಡ್ಕೊಳ್ರಿ. ರೀ-ಇನ್‌ಸ್ಪೆಕ್ಷನ್ (ರಿಪೇರಿ ಆದ ಮ್ಯಾಲಿನ ತಪಾಸಣೆ) ದಿನ ಅವು ಕಾಣಲಿಲ್ಲಂದ್ರ ಆ ಐಟಂ ರೊಕ್ಕ ಕಟ್ ಆಗಬಹುದು.

ಬಿಲ್ ಲೆಕ್ಕ:
ಪೂರಾ ಬಿಲ್ ಬರತೈತಿ ಅಂತ ತಿಳಕೋಬ್ಯಾಡ್ರಿ. ಬಂಪರ್, ಹೆಡ್‌ಲೈಟ್ ಪ್ಲಾಸ್ಟಿಕ್ ಅಂತ 50% ಡೆಪ್ರಿಸಿಯೇಷನ್ (ಸವಕಳಿ ಕಡಿತ). ಬಾನೆಟ್ ಲೋಹದ್ದು, 4ರಿಂದ 5 ವರ್ಷದ ಗಾಡಿಗೆ 35%. ಅಂದ್ರ 12,000ದ ಬಾನೆಟ್‌ಗೆ 7,800 ಸಿಗತೈತಿ. ಗಾಜಿಗೆ ಕಡಿತ ಇಲ್ಲ. ಪೇಂಟ್ ಬಿಲ್ ಒಟ್ಟಿಗೇ ಹಾಕಿದ್ರ ಅದರ ಕಾಲುಭಾಗ ಮಟೀರಿಯಲ್ ಅಂತ ಹಿಡಿದು, ಅದರಾಗ ಅರ್ಧ ಕಡೀತಾರ. ಕೂಲೆಂಟ್, ಎಸಿ ಗ್ಯಾಸ್ ನಿಮ್ಮ ಕಿಸೆದಿಂದ, ಕನ್ಸ್ಯೂಮಬಲ್ಸ್ (ಇಂಥಾ ಖರ್ಚಾಗಿ ಹೋಗೂ ಸಾಮಾನು) ಕವರ್ ಇದ್ರ ಮಾತು ಬ್ಯಾರೆ. ಕೊನೀಗೆ ಕಡ್ಡಾಯ ಕಡಿತ: 1500 ಸಿಸಿ ತನಕ 1,000, ಮ್ಯಾಲಿನದಕ್ಕ 2,000.

ಧಾರವಾಡ ಕೋರ್ಟ್ ರಸ್ತೆ:
ಗಾಯಾಳುವಿನ ಕ್ಲೇಮ್ ಬೇರೆಯೇ ದಾರಿ. ಅದನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಗಾಯಾಳು ಅರ್ಜಿ ಹಾಕಬೇಕು. ಪೊಲೀಸರು ಮೊದಲ ವರದಿಯನ್ನು 48 ಗಂಟೆಯಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಕೊಡಬೇಕು. ಆಮೇಲೂ ವರ್ಷಗಟ್ಟಲೆ ಎಳೆಯಬಹುದು. ಮೂಳೆ ಕೂಡಿ ಚಿಕಿತ್ಸೆ ಮುಗಿದ ಮೇಲೆಯೇ ಶಾಶ್ವತ ಅಂಗವೈಕಲ್ಯ ಎಷ್ಟು ಶೇಕಡಾ ಎಂದು ಹೇಳಲಾಗುತ್ತದೆ, ವೈದ್ಯರ ಸಾಕ್ಷ್ಯಕ್ಕೆ ದಿನಾಂಕ ಸಿಗಬೇಕು. ಎರಡೂ ಕಡೆ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ.

ಗಾಯವಾಗಿರುವುದರಿಂದ ಎಫ್‌ಐಆರ್ ಬೇಕು, ಆರ್‌ಟಿಒ ಇನ್‌ಸ್ಪೆಕ್ಟರ್ ತಪಾಸಣೆಯೂ ಆಗಿರಬೇಕು. ಅದು ಬಾಕಿ ಇದ್ದರೆ ಗಾಡಿ ಬಿಚ್ಚಿಸಬೇಡಿ. ಕೋರ್ಟ್ ನೋಟಿಸ್ ಬಂದ ದಿನವೇ ವಿಮಾ ಕಂಪನಿಗೆ ಪ್ರತಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಗದಗ ಗಾಡಿ:
ತಪಾಸಣೆ ಆಗೇತ್ರಿ. ವರ್ಕ್‌ಶಾಪ್‌ನವರು ಎಸ್ಟಿಮೇಟ್ ಕಳಿಸಿದ ಮ್ಯಾಲೂ ಕಂಪನಿ ಸುಮ್ಮನಿದ್ರ?

ಗೋಕುಲ ರೋಡ್:
ಕಂಪನಿ ಗ್ರೀವನ್ಸ್ (ದೂರು) ಮೇಲ್‌ಗೆ ಕ್ಲೇಮ್ ನಂಬರ್ ಹಾಕಿ ಬರೀರಿ. 30 ದಿನದಾಗ ಉತ್ತರ ಬರಲಿಲ್ಲಂದ್ರ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ದೂರು ತೀರ್ಮಾನಿಸೂ ಅಧಿಕಾರಿ) ದೂರು ಕೊಡಬಹುದು. ಫೀ ಇಲ್ಲ, ವಕೀಲರೂ ಬ್ಯಾಡ. ಫೋನ್‌ನ್ಯಾಗ ಹೇಳಿದ್ದು ಯಾವ್ದೂ ಅಲ್ಲಿ ನಡೆಯಂಗಿಲ್ಲ, ಬರೆದಿದ್ದು ಬೇಕು.