ಸಹಾಯ ಬೇಕು: ಹ್ಯೂಗೋ ಸೈಟಿನ ಲಿಂಕ್ ಬದಲಿಸಿದರೆ ಫೀಡ್ ಗತಿ ಏನು?

ನನ್ನ ಸೈಟು ಹ್ಯೂಗೋದಲ್ಲಿದೆ (ಬರಹದ ಫೈಲುಗಳಿಂದ ಸೈಟು ಕಟ್ಟಿಕೊಡುವ ತಂತ್ರಾಂಶ), ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದೇನೆ. ಫೈಲುಗಳಿಗೆಲ್ಲ ಕನ್ನಡದಲ್ಲೇ ಹೆಸರು, ಅದೇ ಲಿಂಕ್‌ನಲ್ಲೂ ಬರುತ್ತದೆ. ನೋಡೋಕೆ ಚೆಂದ, ಆದರೆ ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಒಂದೊಂದು ಅಕ್ಷರವೂ, ಗುಣಿತದ ಚಿಹ್ನೆಯೂ ಪರ್ಸೆಂಟ್ ಗುರುತು ಸೇರಿ 9 ಅಕ್ಷರವಾಗಿ, 'ಮಳೆಗಾಲ' ಅನ್ನೋ ಪುಟ್ಟ ಹೆಸರು 54 ಅಕ್ಷರದ ಬಾಲವಾಗುತ್ತದೆ.

ಹಾಗಾಗಿ ಇಂಗ್ಲಿಷ್ ಸ್ಲಗ್ (ಲಿಂಕ್‌ನ ಕೊನೆಗೆ ಬರುವ ಹೆಸರು) ಕೊಟ್ಟು, ಹಳೇ ವಿಳಾಸವನ್ನು ಏಲಿಯಾಸಸ್‌ಗೆ ಹಾಕೋಣ ಅಂತಿದ್ದೇನೆ. ಹಳೇ ಲಿಂಕ್ ಒತ್ತಿದವರು ಹೊಸ ಪುಟಕ್ಕೇ ಹೋಗುತ್ತಾರೆ, ಅದು ಸರಿ. ತಲೆನೋವು ಇರೋದು ಹೊಸ ಬರಹಗಳನ್ನು ಓದುಗರ ರೀಡರ್ ಆ್ಯಪ್‌ಗೆ ತಲುಪಿಸುವ ಫೀಡ್, ಅಂದ್ರೆ ಆರ್‌ಎಸ್‌ಎಸ್‌ನಲ್ಲಿ. ಫೀಡ್‌ನಲ್ಲಿ ಒಂದೊಂದು ಬರಹವನ್ನು ಗುರುತಿಸುವ ಜಿಯುಐಡಿಗೂ ಹ್ಯೂಗೋ ಪುಟದ ವಿಳಾಸವನ್ನೇ ಬಳಸುತ್ತದೆ, ಅಂದ್ರೆ ವಿಳಾಸ ಬದಲಾದ ಕೂಡಲೇ ಹಳೇ ಬರಹಗಳೆಲ್ಲ ಓದುಗರ ರೀಡರ್‌ನಲ್ಲಿ ಹೊಸದಾಗಿ ಬಂದು ಬೀಳುತ್ತವೆ ಅಲ್ವಾ?

ಫೀಡ್‌ನ ಟೆಂಪ್ಲೇಟ್ (ಅಚ್ಚು) ತಿದ್ದಿ ಹಳೇ ಜಿಯುಐಡಿ ಉಳಿಸಿಕೊಂಡವರು ಯಾರಾದ್ರೂ ಇದ್ದೀರಾ? ಆ ಸಾಲು ಇಲ್ಲಿ ಹಾಕಿ. ವರ್ಡ್‌ಪ್ರೆಸ್‌ಗೆ ಹೋಗು ಅಂತ ಮಾತ್ರ ಹೇಳಬೇಡಿ.