ಉಬುಂಟು 24.04: ಲಿಬ್‌ವರ್ಟ್ ಅನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿದ ಮೇಲೆ ವರ್ಶ್, ವರ್ಟ್-ಮ್ಯಾನೇಜರ್ ಎರಡೂ ಸಂಪರ್ಕಿಸುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಯಂತ್ರದಲ್ಲಿ ಉಬುಂಟು 24.04 ಇದೆ, ಅದರ ಪ್ಯಾಕೇಜಿನಲ್ಲಿ ಬರುವ ಲಿಬ್‌ವರ್ಟ್ (ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ತಂತ್ರಾಂಶ) ಆವೃತ್ತಿ 10.0.0. ವರ್ಚುವಲ್ ಯಂತ್ರವೊಂದನ್ನು ಶುರು ಮಾಡುವಾಗ ಲಿಬ್‌ವರ್ಟ್ ಕ್ಯೂಎಮುವಿಗೆ (ಆ ಯಂತ್ರವನ್ನು ನಿಜವಾಗಿ ಓಡಿಸುವ ಪ್ರೋಗ್ರಾಂ) ಯಾವ ಕ್ರಮದಲ್ಲಿ ಏನೇನು ಹೇಳುತ್ತದೆ ಎಂಬುದನ್ನು ಕೋಡ್‌ನಲ್ಲೇ ಓದಿ, ನಡುನಡುವೆ ನನ್ನ ಲಾಗ್ ಸಾಲುಗಳನ್ನು ಸೇರಿಸಿ ತಿಳಿಯಬೇಕೆಂದು ಗಿಟ್‌ಲ್ಯಾಬ್‌ನಿಂದ ಇತ್ತೀಚಿನ ಸೋರ್ಸ್ ಪಡೆದುಕೊಂಡೆ. ಬೇಕಾದ ಲೈಬ್ರರಿಗಳನ್ನು ಆಪ್ಟ್‌ನ ಬಿಲ್ಡ್-ಡೆಪ್ ಮೂಲಕ ಹಾಕಿ, ಬಿಲ್ಡ್ ಅನ್ನು ಸಿದ್ಧಪಡಿಸುವ ಸಾಧನವಾದ ಮೆಸನ್‌ಗೆ ಯಾವ ಆಯ್ಕೆಯನ್ನೂ ಕೊಡದೆ ಸೆಟಪ್ ಮಾಡಿ, ನಿಂಜಾದಿಂದ ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡಿದೆ. ನಂತರ ಲೈಬ್ರರಿಗಳ ಪಟ್ಟಿಯನ್ನು ನವೀಕರಿಸುವ ಎಲ್‌ಡಿಕಾನ್ಫಿಗ್ ಅನ್ನೂ ಓಡಿಸಿದೆ. ಎಲ್ಲಿಯೂ ದೋಷದ ಸಂದೇಶ ಬರಲಿಲ್ಲ.

ಆದರೆ ಈಗ ವರ್ಶ್ (ಲಿಬ್‌ವರ್ಟ್‌ನ ಕಮಾಂಡ್ ಸಾಧನ) ಎಂದು ಟೈಪ್ ಮಾಡಿದರೆ ಸಾಕೆಟ್ (ಲಿಬ್‌ವರ್ಟ್ ಜೊತೆ ಮಾತಾಡುವ ಸಂಪರ್ಕ ಬಿಂದು) ಸಿಗಲಿಲ್ಲ ಎನ್ನುತ್ತದೆ, ಅದು ಹುಡುಕುವ ದಾರಿಯಲ್ಲಿ 'ಲೋಕಲ್' ಎಂಬ ಪದವೂ ಸೇರಿಕೊಂಡಿದೆ. ಉಬುಂಟುವಿನದೇ ವರ್ಶ್ ಅನ್ನು ಪೂರ್ಣ ದಾರಿ ಕೊಟ್ಟು ಓಡಿಸಿದರೆ 'ಲಿಬ್‌ವರ್ಟ್_ಪ್ರೈವೇಟ್_10.0.0 ಸಿಗಲಿಲ್ಲ' ಎಂದು ನಿಂತುಬಿಡುತ್ತದೆ. ಅದೇ ಕೆಲಸವನ್ನು ಕಿಟಕಿಗಳ ಮೂಲಕ ಮಾಡುವ ವರ್ಟ್-ಮ್ಯಾನೇಜರ್ ತೆರೆಯುತ್ತದೆ, ಆದರೆ ಸಂಪರ್ಕ ಸಾಧಿಸುವುದಿಲ್ಲ. ಹಳೆಯ ವ್ಯವಸ್ಥೆ ಕೆಡದಂತೆ ಹೊಸ ಕೋಡನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ನಮಸ್ಕಾರ. ನೀವು ಹೇಳಿದ ಮೂರೂ ಲಕ್ಷಣಗಳಿಗೆ ಮೂಲ ಒಂದೇ: ನಿಮ್ಮ ಯಂತ್ರದಲ್ಲಿ ಈಗ ಎರಡು ಲಿಬ್‌ವರ್ಟ್‌ಗಳಿವೆ, ಮತ್ತು ಅವು ಒಂದರ ಲೈಬ್ರರಿಯನ್ನು ಇನ್ನೊಂದರ ಪ್ರೋಗ್ರಾಂಗೆ ಒದಗಿಸುತ್ತಿವೆ.

ಆಯ್ಕೆ ಕೊಡದಿದ್ದರೆ ಮೆಸನ್ ಎಲ್ಲವನ್ನೂ ಯುಎಸ್‌ಆರ್-ಲೋಕಲ್ ಅಡಿಯಲ್ಲಿ ಹಾಕುತ್ತದೆ, ಮತ್ತು ಸಾಕೆಟ್ ಇರಬೇಕಾದ ಜಾಗವನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಲೈಬ್ರರಿಯೊಳಗೇ ಬರೆದುಬಿಡುತ್ತದೆ. ಉಬುಂಟುವಿನ ಲಿಬ್‌ವರ್ಟ್‌ಡಿ (ಹಿನ್ನೆಲೆಯಲ್ಲಿ ಓಡುವ ಲಿಬ್‌ವರ್ಟ್ ಪ್ರೋಗ್ರಾಂ, ಅಂದರೆ ಡೀಮನ್) ಎಂದಿನ ಜಾಗದಲ್ಲೇ ಸಾಕೆಟ್ ತೆರೆದು ಕಾಯುತ್ತಿದೆ. ನಿಮ್ಮ ಹೊಸ ವರ್ಶ್ ಬೇರೆಲ್ಲೋ ಹುಡುಕುತ್ತಿದೆ. ಇನ್ನು ಎರಡನೆಯ ದೋಷ. ಉಬುಂಟುವಿನಲ್ಲಿ ಲೈಬ್ರರಿಗಳನ್ನು ಹುಡುಕುವಾಗ 'ಲೋಕಲ್' ಅಡಿಯ ಫೋಲ್ಡರ್‌ಗಳೇ ಮೊದಲು ಬರುವುದರಿಂದ, ಎಲ್‌ಡಿಕಾನ್ಫಿಗ್ ಓಡಿಸಿದ ಮೇಲೆ ಹಳೆಯ ವರ್ಶ್‌ಗೂ ಹೊಸ ಲೈಬ್ರರಿಯೇ ಸಿಗುತ್ತದೆ. ವರ್ಶ್ ತನ್ನದೇ ಆವೃತ್ತಿಯ ಖಾಸಗಿ ಸಿಂಬಲ್‌ಗಳನ್ನು (ಲೈಬ್ರರಿಯೊಳಗಿನ ಫಂಕ್ಷನ್‌ಗಳನ್ನು) ಬಳಸುತ್ತದೆ. ಅವು ಪ್ರತಿ ಆವೃತ್ತಿಗೂ ಹೊಸ ಹೆಸರು ಪಡೆಯುತ್ತವೆ, ಹಾಗಾಗಿ 10.0.0ರ ಹೆಸರು ಹೊಸ ಲೈಬ್ರರಿಯಲ್ಲಿ ಇರುವುದಿಲ್ಲ. ವರ್ಟ್-ಮ್ಯಾನೇಜರ್ ಪೈಥಾನ್ ಮೂಲಕ ಸಾರ್ವಜನಿಕ ಎಪಿಐ ಒಂದನ್ನೇ ಬಳಸುತ್ತದೆ. ಆ ಎಪಿಐಯನ್ನು ಲಿಬ್‌ವರ್ಟ್ ತಂಡ ಮುರಿಯದೆ ಕಾಪಾಡಿಕೊಂಡು ಬಂದಿರುವುದರಿಂದಲೇ ಅದು ತೆರೆಯುವಷ್ಟಾದರೂ ತೆರೆಯುತ್ತದೆ, ಆಮೇಲೆ ಅದೇ ತಪ್ಪು ಜಾಗದಲ್ಲಿ ಸಾಕೆಟ್ ಹುಡುಕುತ್ತದೆ.

ಮೊದಲು ಇದನ್ನು ತೆಗೆಯಿರಿ. ಬಿಲ್ಡ್ ಫೋಲ್ಡರ್ ಅನ್ನು ಅಳಿಸಿಲ್ಲವಾದರೆ ನಿಂಜಾಗೆ ಅನ್‌ಇನ್‌ಸ್ಟಾಲ್ ಎಂದು ಹೇಳಿದರೆ ಸಾಕು, ತಾನು ಹಾಕಿದ ಕಡತಗಳ ಪಟ್ಟಿ ಅದರ ಬಳಿ ಇರುತ್ತದೆ. ನಂತರ ಇನ್ನೊಮ್ಮೆ ಎಲ್‌ಡಿಕಾನ್ಫಿಗ್ ಓಡಿಸಿ. ಹಳೆಯ ವರ್ಶ್ ಸರಿಯಾಗುತ್ತದೆ.

ನಿಮ್ಮ ಉದ್ದೇಶ ಕೋಡ್ ಓದುವುದು ಮತ್ತು ಬದಲಿಸಿ ನೋಡುವುದು. ಅದಕ್ಕೆ ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಮೆಸನ್‌ಗೆ 'ಸಿಸ್ಟಮ್' ಆಯ್ಕೆಯನ್ನು 'ಟ್ರೂ' ಎಂದು ಕೊಟ್ಟು ಹೊಸದಾಗಿ ಸೆಟಪ್ ಮಾಡಿ, ಆಗ ಸಾಕೆಟ್ ಮತ್ತು ಸಂರಚನಾ ಕಡತಗಳ ದಾರಿಗಳು ವ್ಯವಸ್ಥೆಯ ದಾರಿಗಳಿಗೆ ಹೊಂದಿಕೊಳ್ಳುತ್ತವೆ. ಬಿಲ್ಡ್ ಆದ ಮೇಲೆ ಅಲ್ಲಿಗೇ ನಿಲ್ಲಿಸಿ. ಬಿಲ್ಡ್ ಫೋಲ್ಡರ್‌ನಲ್ಲಿ 'ರನ್' ಎಂಬ ಸಣ್ಣ ಸ್ಕ್ರಿಪ್ಟ್ ಸಿದ್ಧವಾಗಿರುತ್ತದೆ. ಅದರ ಮುಂದೆ ಲಿಬ್‌ವರ್ಟ್‌ಡಿ ಅಥವಾ ವರ್ಶ್‌ನ ದಾರಿ ಕೊಟ್ಟರೆ ಅದು ಈಗಷ್ಟೇ ಬಿಲ್ಡ್ ಆದ ಲೈಬ್ರರಿಯನ್ನೇ ಹಿಡಿದು ಓಡಿಸುತ್ತದೆ, ವ್ಯವಸ್ಥೆಯ ಯಾವ ಕಡತವನ್ನೂ ಮುಟ್ಟುವುದಿಲ್ಲ. ಅದಕ್ಕೂ ಮುನ್ನ ಉಬುಂಟುವಿನ ಲಿಬ್‌ವರ್ಟ್‌ಡಿ ಸರ್ವೀಸನ್ನು ಮಾತ್ರವಲ್ಲ, ಅದರ ಸಾಕೆಟ್ ಯೂನಿಟ್‌ಗಳನ್ನೂ ನಿಲ್ಲಿಸಬೇಕು. ಸಾಕೆಟ್ ಯೂನಿಟ್ ಉಳಿದರೆ ಯಾರಾದರೂ ಸಂಪರ್ಕಿಸಿದ ಕೂಡಲೇ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಹಳೆಯ ಡೀಮನ್ ಅನ್ನು ಮತ್ತೆ ಎಬ್ಬಿಸುತ್ತದೆ.

ಇದೇ 'ಸಿಸ್ಟಮ್' ಆಯ್ಕೆಯ ಜೊತೆಗೆ ಇನ್‌ಸ್ಟಾಲ್ ಮಾತ್ರ ದಯವಿಟ್ಟು ಮಾಡಬೇಡಿ. ಹಾಗೆ ಮಾಡಿದರೆ ಪ್ಯಾಕೇಜಿನ ಕಡತಗಳ ಮೇಲೆಯೇ ಹೊಸವು ಬರೆಯಲ್ಪಡುತ್ತವೆ, ಮತ್ತು ಅದು ಆಪ್ಟ್‌ಗೆ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದುದಕ್ಕೆ ತುಂಬಾ ಧನ್ಯವಾದಗಳು ಸರ್. ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಹಳೆಯ ವರ್ಶ್ ಸರಿಯಾಯಿತು. ನೀವು ಹೇಳಿದಂತೆ ಹೊಸ ಲಿಬ್‌ವರ್ಟ್‌ಡಿಯನ್ನು ರೂಟ್ ಆಗಿ 'ರನ್' ಮೂಲಕ ಓಡಿಸಿದಾಗ ಅದು ಶುರುವಾಗುತ್ತದೆ, ವರ್ಶ್ ಕೂಡ ಸಾಕೆಟ್ ಹಿಡಿಯುತ್ತದೆ. ಆದರೆ ಕ್ಯೂಎಮು ಸಿಸ್ಟಮ್‌ಗೆ ಸಂಪರ್ಕಿಸುವಾಗ 'ಯಾವ ಕನೆಕ್ಷನ್ ಡ್ರೈವರ್ ಕೂಡ ಲಭ್ಯವಿಲ್ಲ' ಎಂಬರ್ಥದ ಸಂದೇಶ ಬರುತ್ತಿದೆ. ಕ್ಯೂಎಮು ಮತ್ತು ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್ ಭಾಗ) ಎರಡೂ ಯಂತ್ರದಲ್ಲಿವೆ.

ಎರಡನೆಯ ಉತ್ತರ

ಕ್ಯೂಎಮು ಇದ್ದರೂ ಲಿಬ್‌ವರ್ಟ್‌ನೊಳಗಿನ ಕ್ಯೂಎಮು ಡ್ರೈವರ್ ಬಿಲ್ಡ್ ಆಗಿಲ್ಲ. ಮೆಸನ್ ಸೆಟಪ್ ಮುಗಿದಾಗ ಕೊನೆಯಲ್ಲಿ ಬರುವ ಸಾರಾಂಶವನ್ನು ನೋಡಿ. ಡ್ರೈವರ್‌ಗಳ ಪಟ್ಟಿಯಲ್ಲಿ ಕ್ಯೂಎಮು ಎದುರಿಗೆ 'ನೋ' ಎಂದು ಇರುತ್ತದೆ.

ಕಾರಣ ಬಿಲ್ಡ್-ಡೆಪ್‌ನಲ್ಲಿದೆ. ಅದು ನಿಮಗೆ ಒದಗಿಸಿದ್ದು 10.0.0ಕ್ಕೆ ಬೇಕಾದ ಲೈಬ್ರರಿಗಳನ್ನು, ನೀವು ಬಿಲ್ಡ್ ಮಾಡುತ್ತಿರುವುದು ಅದಕ್ಕಿಂತ ಹೊಸ ಕೋಡನ್ನು. ಕ್ಯೂಎಮು ಜೊತೆ ಲಿಬ್‌ವರ್ಟ್ ಆಡುವ ಮಾತೆಲ್ಲ ಜೇಸನ್ ಎಂಬ ಪಠ್ಯ ರೂಪದಲ್ಲಿರುತ್ತದೆ. ಅದನ್ನು ಓದಲು ಹಿಂದೆ ಯಾಜಲ್ ಎಂಬ ಲೈಬ್ರರಿಯನ್ನು ಬಳಸುತ್ತಿದ್ದರು, ಈಗ ಜೇಸನ್-ಸಿ ಬಳಸುತ್ತಾರೆ. ಅದು ಸಿಗದಿದ್ದಾಗ ಮೆಸನ್ ಸದ್ದಿಲ್ಲದೆ ಕ್ಯೂಎಮು ಡ್ರೈವರ್ ಅನ್ನು ಬಿಟ್ಟು ಮುಂದೆ ಹೋಗುತ್ತದೆ, ಏಕೆಂದರೆ ಡ್ರೈವರ್‌ಗಳ ಮೂಲ ಆಯ್ಕೆ 'ಆಟೋ' ಆಗಿರುತ್ತದೆ.

ಜೇಸನ್-ಸಿಯ ಡೆವ್ ಪ್ಯಾಕೇಜ್ ಹಾಕಿ, 'ಡ್ರೈವರ್_ಕ್ಯೂಎಮು' ಆಯ್ಕೆಯನ್ನು 'ಎನೇಬಲ್ಡ್' ಎಂದು ಸ್ಪಷ್ಟವಾಗಿ ಕೊಟ್ಟು ಮತ್ತೆ ಸೆಟಪ್ ಮಾಡಿ. ಹಾಗೆ ಕೊಟ್ಟರೆ ಬೇಕಾದ ಲೈಬ್ರರಿ ಇಲ್ಲದಿದ್ದಾಗ ಸೆಟಪ್ ಅಲ್ಲೇ ನಿಂತು ಕಾರಣ ಹೇಳುತ್ತದೆ. ನಿಮಗೆ ನಿಜವಾಗಿ ಬೇಕಾದ ಪ್ರತಿಯೊಂದನ್ನೂ ಹೀಗೆ ಹೆಸರಿಸಿ ಕೇಳುವುದು ಒಳ್ಳೆಯದು.

ಇನ್ನೊಂದು ಮಾತು. ಲಿಬ್‌ವರ್ಟ್‌ಡಿ ನಿಂತರೂ ಓಡುತ್ತಿರುವ ವರ್ಚುವಲ್ ಯಂತ್ರಗಳು ನಿಲ್ಲುವುದಿಲ್ಲ. ಮುಂದೆ ಶುರುವಾಗುವ ಡೀಮನ್ ಅವುಗಳ ಹೊಣೆ ವಹಿಸಿಕೊಳ್ಳುತ್ತದೆ. ಹೊಸ ಡೀಮನ್ ಬರೆದಿಟ್ಟ ಸ್ಥಿತಿಯನ್ನು ಹಳೆಯದು ಅರ್ಥ ಮಾಡಿಕೊಳ್ಳುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಪರೀಕ್ಷೆಗೆ ಮುನ್ನ ಎಲ್ಲ ವರ್ಚುವಲ್ ಯಂತ್ರಗಳನ್ನೂ ಕ್ರಮವಾಗಿ ಮುಚ್ಚಿ.

ಮೂರನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೂ ಯಂತ್ರದಲ್ಲಿ ಬೇರೆ ಕೆಲಸವೂ ನಡೆಯುತ್ತಿದ್ದರೆ, ಈ ಪ್ರಯೋಗವನ್ನು ಒಂದು ವರ್ಚುವಲ್ ಯಂತ್ರದ ಒಳಗೇ ಮಾಡುವುದು ನಿಮಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ವರ್ಚುವಲ್ ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ ಲಿನಕ್ಸ್ ಕರ್ನಲ್ 4.20ರಿಂದಲೇ ತಾನಾಗಿ ಚಾಲೂ ಇರುತ್ತದೆ. ಪ್ರಯೋಗ ನಡೆಸುವ ಆ ವರ್ಚುವಲ್ ಯಂತ್ರಕ್ಕೆ ಸಿಪಿಯು ಮಾದರಿಯನ್ನು 'ಹೋಸ್ಟ್-ಪಾಸ್‌ಥ್ರೂ' ಎಂದು ಕೊಟ್ಟರಾಯಿತು.

ಬದಲಾವಣೆ ಮಾಡಿದ ಮೇಲೆ ಮೆಸನ್ ಟೆಸ್ಟ್ ಅನ್ನು ಸಾಮಾನ್ಯ ಬಳಕೆದಾರರಾಗಿಯೇ ಓಡಿಸಿ, ರೂಟ್ ಆಗಿ ಬೇಡ. ಕ್ಯೂಎಮುವಿಗೆ ಹೋಗುವ ಕಮಾಂಡ್ ಸಾಲನ್ನು ವರ್ಚುವಲ್ ಯಂತ್ರದ ವಿವರವಿರುವ ಎಕ್ಸ್‌ಎಂಎಲ್‌ನಿಂದ ಹೇಗೆ ಕಟ್ಟುತ್ತಾರೆ ಎಂಬುದನ್ನು ಅಲ್ಲಿನ 'ಕ್ಯೂಎಮುಎಕ್ಸ್‌ಎಂಎಲ್‌ಕಾನ್ಫ್' ಪರೀಕ್ಷೆಯ ಕಡತಗಳು ಜೋಡಿ ಜೋಡಿಯಾಗಿ ತೋರಿಸುತ್ತವೆ: ಒಂದು ಎಕ್ಸ್‌ಎಂಎಲ್, ಪಕ್ಕದಲ್ಲೇ ಅದರಿಂದ ಹುಟ್ಟುವ ಕಮಾಂಡ್ ಸಾಲು. ನೀವು ತಿಳಿಯಬೇಕೆಂದಿರುವ ವಿಷಯಕ್ಕೆ ಲಾಗ್ ಸಾಲುಗಳನ್ನು ಸೇರಿಸುವ ಮೊದಲೇ ಈ ಕಡತಗಳಲ್ಲಿ ಹೆಚ್ಚಿನ ಉತ್ತರ ಸಿಗುತ್ತದೆ.